ಕೆಂಡಣ್ಣ ಎಂದರೆ

ಆ ಊರಲ್ಲಿ ಬೈಗುಳಕ್ಕೆ ಬರವಿರಲಿಲ್ಲ. ಬಾಟಲಿ ಕಾರ್ಖಾನೆಯ ಊರು ಅದು. ದಿನವಿಡೀ ಗಾಜಿನ ಭಟ್ಟಿಯ ಮುಂದೆ ಬೇಯುವವರ ನಾಲಿಗೆ ಮಾತ್ರ ತಂಪಾಗಿರಬೇಕೆಂದರೆ ಹೇಗೆ? ಆದರೂ ಎಲ್ಲ ಬೈಗುಳಗಳ ಮೇಲೆ ಯಜಮಾನನ ಹಾಗೆ ಕೂತಿದ್ದದ್ದು ಒಂದೇ ಮಾತು, ಕೆಂಡಣ್ಣ. ಸಂಘದ ಸಭೆಯಲ್ಲಿ ಆಡಿದ್ದನ್ನು ಸಂಜೆಯೊಳಗೆ ಮ್ಯಾನೇಜರ ಕಿವಿಗೆ ಮುಟ್ಟಿಸಿದವನು ಕೆಂಡಣ್ಣ. ಅಣ್ಣನ ಮನೆಯಲ್ಲಿ ಉಂಡು, ಕೈ ತೊಳೆದು, ನೇರ ತಮ್ಮನ ವಕೀಲನಿಗೆ ಸುದ್ದಿ ಕೊಟ್ಟವನು ಕೆಂಡಣ್ಣ. ಅಂಥ ಕೆಲಸಕ್ಕೆ ಕೆಂಡಣ್ಣಗಿರಿ ಎಂದು ಹೆಸರು. ಮಾಡಿದ್ದು ಹೆಂಗಸಾದರೆ? ಆಗಲೂ ಕೆಂಡಣ್ಣನೇ. ಈ ಒಂದು ವಿಷಯದಲ್ಲಿ ಊರು ಗಂಡು ಹೆಣ್ಣೆಂಬ ಭೇದ ಮಾಡುತ್ತಿರಲಿಲ್ಲ.

ಮಾತು ಹುಟ್ಟಿದ್ದೆಲ್ಲಿ ಎಂದು ಕೇಳಿದರೆ ತಲೆಗೊಂದು ಕತೆ. ತಪಾಸಣೆ ಕೋಣೆಯ ಹೆಂಗಸರಿದ್ದಾರಲ್ಲ, ಬೆಳಕಿನ ಪೆಟ್ಟಿಗೆಯ ಮುಂದೆ ಸಾಲಾಗಿ ಹಾದುಹೋಗುವ ಬಾಟಲಿಗಳಲ್ಲಿ ಗುಳ್ಳೆ, ಬಿರುಕು ಹುಡುಕಿ ಕೆಟ್ಟದ್ದನ್ನು ಎತ್ತಿಡುವವರು, ಅವರು ಊಟದ ಹೊತ್ತಿನಲ್ಲಿ ಇದನ್ನು ಎಷ್ಟೋ ಸಲ ಹರಟಿದ್ದರು. ಬೂದಿಯ ಕೆಳಗೆ ಅಡಗಿದ್ದು ಕಾಲು ಸುಡುವ ಕೆಂಡದಿಂದ ಬಂದದ್ದು ಎಂದು ಒಬ್ಬಳು. ಅಲ್ಲ, ಭಟ್ಟಿಯ ಇಟ್ಟಿಗೆಯ ಚೂರು ಗಾಜಿನಲ್ಲಿ ಸೇರಿಕೊಂಡು, ಒಳಗಿಂದಲೇ ಬಾಟಲಿ ಸೀಳುತ್ತದಲ್ಲ, ಅದರಿಂದ ಎಂದು ಇನ್ನೊಬ್ಬಳು. ಗೇಟಿನ ಕಾವಲುಗಾರ ಮಾತ್ರ ಇಬ್ಬರನ್ನೂ ಒಪ್ಪುತ್ತಿರಲಿಲ್ಲ. "ಸುಮ್ನೆ ಕಾಗೆ ಹಾರಿಸಬೇಡಿ. ಕೆಂಡಣ್ಣ ಅಂತ ಒಬ್ಬ ಮನುಷ್ಯನೇ ಇದ್ದ. ಅವನಿಂದ ನಮ್ಮಪ್ಪ ಕೆಲಸ ಕಳಕೊಂಡ. ಸಾಯೋ ತನಕ ಆ ಹೆಸರು ಕೇಳಿದ್ರೆ ಉಗೀತಿದ್ದ" ಎನ್ನುತ್ತಿದ್ದ. ಯಾರೂ ನಂಬುತ್ತಿರಲಿಲ್ಲ. ಅಷ್ಟು ಚೆನ್ನಾಗಿ ಸವೆದ ಮಾತಿಗೆ ಒಂದು ಕಾಲದಲ್ಲಿ ಕೈಕಾಲು, ಮನೆಮಠ ಇದ್ದಿರಬಹುದೆಂದು ಯಾರಿಗೆ ತಾನೇ ಅನಿಸುತ್ತದೆ?

ಆ ಕೋಣೆಯಲ್ಲಿ ಒಬ್ಬಳಿಗೆ ಗೊತ್ತಿತ್ತು. ಕೂದಲೆಳೆಯಷ್ಟು ಬಿರುಕನ್ನೂ ಬಿಡದವಳೆಂದು ಅವಳನ್ನು ಎಲ್ಲರೂ ಹದ್ದುಗಣ್ಣಿ ಎಂದು ಕರೆಯುತ್ತಿದ್ದರು. ಕೆಂಡಣ್ಣ ಅವಳ ಸೋದರಮಾವ, ಅವಳ ಅಮ್ಮನ ಒಡಹುಟ್ಟಿದ ಅಣ್ಣ. ಅವಳ ಹಾಲುಹಲ್ಲು ಬೀಳುವ ಕಾಲಕ್ಕೆ ಅವನು ಈ ಊರು ಬಿಟ್ಟು ತಂಗಿಯ ಊರಿಗೆ ಬಂದು, ಒಂದು ಬೇಕರಿಯ ಒಲೆ ನೋಡಿಕೊಳ್ಳುವ ಕೆಲಸಕ್ಕೆ ಸೇರಿದ್ದ. ಅಪ್ಪನಿಲ್ಲದ ಮನೆ ಅದು. ದಿನಾ ಸಂಜೆ ಅಂಗಿಯ ಜೇಬಿನಲ್ಲಿ ಒಂದು ಬಿಸಿ ಬನ್ನು ಇಟ್ಟುಕೊಂಡು ಬಂದು, "ಇವತ್ತು ಯಾವ ಜೇಬು ಹೇಳು" ಎಂದು ಅವಳನ್ನು ಆಡಿಸುತ್ತಿದ್ದವನು ಅವನೇ. ಅವಳಿಗೆ ಮದುವೆಯಾಗಿ ಇದೇ ಊರಿಗೆ ಬರುವಾಗ ಅಮ್ಮ ಬಾಗಿಲ ಮರೆಗೆ ಕರೆದು, "ಅಲ್ಲಿ ನಿಮ್ಮ ಮಾವನ ಹೆಸರು ಎತ್ತಬೇಡ ಮಗಳೇ" ಎಂದಿದ್ದಳು. ಯಾಕೆ ಎಂದು ಕೇಳಿದ್ದಕ್ಕೆ ಉತ್ತರ ಕೊಡದೆ ಹೋಗಿಬಿಟ್ಟಳು, ಆಮೇಲೆ ಲೋಕವನ್ನೇ ಬಿಟ್ಟುಹೋದಳು.

ಯಾಕೆಂಬುದು ಹದ್ದುಗಣ್ಣಿಗೆ ತಪಾಸಣೆ ಕೋಣೆಗೆ ಸೇರಿದ ಮೊದಲ ದಿನಗಳಲ್ಲೇ ಗೊತ್ತಾಯಿತು. ಮಾತು ಕಿವಿಗೆ ಬಿದ್ದಾಗ ಎಲ್ಲರ ಜೊತೆ ತಾನೂ ನಕ್ಕಳು. ಕೆಲವು ದಿನ ಕಳೆದ ಮೇಲೆ, ಊಟದ ಡಬ್ಬಿಯ ವಿಷಯದಲ್ಲಿ ಮೇಲ್ವಿಚಾರಕಿಗೆ ಚಾಡಿ ಹೇಳಿದ ಒಬ್ಬಳನ್ನು ತಾನೇ "ಕೆಂಡಣ್ಣ" ಎಂದು ಕರೆದಳು. ನಾಲಿಗೆ ಒಂದಿಷ್ಟೂ ತೊದಲಲಿಲ್ಲ. ಅದನ್ನು ನೆನೆದರೆ ಈಗಲೂ ಅವಳಿಗೆ ತನ್ನ ನಾಲಿಗೆಯ ಮೇಲೆ ಸಿಟ್ಟು ಬರುತ್ತದೆ.

ಈಗ ಮಾವ ಬರುತ್ತಿದ್ದ. ಬೆಂಕಿ ನೋಡಿ ನೋಡಿ ಅವನ ಎರಡೂ ಕಣ್ಣಿಗೆ ಪೊರೆ ಬಂದಿತ್ತು. ಒಲೆಯ ಬಾಯಿ ಎಲ್ಲಿ, ಗೋಡೆ ಎಲ್ಲಿ ಎಂದು ತಿಳಿಯದೆ ಮೊಣಕೈ ಸುಟ್ಟುಕೊಂಡಿದ್ದ. ಅಂಥ ಕಣ್ಣಿಗೆ ಕೈಗುಣವಿರುವ ವೈದ್ಯರು ಇರುವುದು ಈ ಊರಲ್ಲೇ, ಭಟ್ಟಿಯ ಜನ ಇರುವ ಕಡೆ ತಾನೇ ಅಂಥ ಕಣ್ಣುಗಳೂ ಇರುವುದು. ಹದ್ದುಗಣ್ಣಿ ಹಟ ಹಿಡಿದು ಕರೆಸಿಕೊಂಡಳು. ಆದರೆ ಬೀದಿಯವರಿಗೆ, "ನಮ್ಮ ಯಜಮಾನರ ಕಡೆ ದೂರದ ನೆಂಟರು" ಎಂದು ಹೇಳಿಟ್ಟಳು. ಲಾರಿ ಓಡಿಸುವ ಗಂಡ, "ನನಗೆ ಗೊತ್ತಿಲ್ಲದ ನೆಂಟರನ್ನೆಲ್ಲ ಹುಟ್ಟಿಸ್ತೀಯಲ್ಲೇ" ಎಂದು ನಕ್ಕನೇ ಹೊರತು ಅಡ್ಡಬರಲಿಲ್ಲ. ಅವಳ ಹೆದರಿಕೆ ಅವನಿಗೂ ಗೊತ್ತಿತ್ತು. ಕಾವಲುಗಾರನೊಬ್ಬನಿಗೆ ತಿಳಿದರೆ ಸಾಕು, ಕಾರ್ಖಾನೆಗೆಲ್ಲ ತಿಳಿದ ಹಾಗೆ. ಆಮೇಲೆ ಆ ಬೆಳಕಿನ ಪೆಟ್ಟಿಗೆಯ ಮುಂದೆ ಅವಳ ಪಕ್ಕ ಯಾರು ಕೂರುತ್ತಾರೆ?

ಶಸ್ತ್ರಚಿಕಿತ್ಸೆಯಾಯಿತು. ಒಂದು ಕಣ್ಣಿಗೆ ಪಟ್ಟಿ, ಇನ್ನೊಂದರಲ್ಲಿ ಇನ್ನೂ ಪೊರೆ. ಮಾವನನ್ನು ಬೀದಿಯ ಕಡೆಯ ಕಿಟಕಿಯ ಹತ್ತಿರ ಕುರ್ಚಿ ಹಾಕಿ ಕೂರಿಸಿದ್ದಾಯಿತು. ಕಣ್ಣಿಲ್ಲದ ಮನುಷ್ಯನಿಗೆ ಕಿವಿಯೇ ಕೆಲಸ. ಕಿಟಕಿಯ ಕೆಳಗೆ ಮಕ್ಕಳು ಎರಡು ಗುಂಪಾಗಿ ಬಾಟಲಿ ಬಚ್ಚಿಡುವ ಆಟ ಆಡುತ್ತಿದ್ದವು. ಒಂದು ಗುಂಪು ಬಚ್ಚಿಡಬೇಕು, ಇನ್ನೊಂದು ಹುಡುಕಬೇಕು. ತನ್ನ ಗುಂಪು ಬಚ್ಚಿಟ್ಟ ಜಾಗವನ್ನು ಎದುರಿನವರಿಗೆ ಕಣ್ಸನ್ನೆಯಲ್ಲಿ ತಿಳಿಸಿದವನು ಕೆಂಡಣ್ಣ. ಮೊದಲ ದಿನ ಸಂಜೆ ಹದ್ದುಗಣ್ಣಿ ಕೆಲಸದಿಂದ ಬಂದು ಚಪ್ಪಲಿ ಬಿಡುವುದರೊಳಗೆ ಮಾವ ಕೇಳಿದ.

"ಪುಟ್ಟೀ, ನನ್ನ ಹೆಸರು ಈ ಮಕ್ಕಳ ಬಾಯಿಗೆ ಹೇಗೆ ಬಂತು?"

ಅವಳು ಬಗ್ಗಿ ಚಪ್ಪಲಿ ಜೋಡಿಸಿಟ್ಟಳು. "ಯಾವ ಹೆಸರು ಮಾವ?"

"ಕೆಂಡಣ್ಣ ಅಂತ. ಬೆಳಗ್ಗೆಯಿಂದ ಹತ್ತು ಸಲ ಕೂಗಿದಾರೆ. ಮೊದಲು ನನ್ನೇ ಕರೀತಿದಾರೇನೋ ಅಂತ ಓಗೊಟ್ಟೆ. ಈ ಊರಿಗೆ ನಾನಿನ್ನೂ ನೆನಪಿದೀನಾ?"

ಅವನ ಮುಖದಲ್ಲಿ ಗಾಬರಿಯಿರಲಿಲ್ಲ, ಹೊಸ ಆಟಿಕೆ ಸಿಕ್ಕ ಮಗುವಿನ ಕುತೂಹಲವಿತ್ತು. ಅದನ್ನು ಕಂಡು ಹದ್ದುಗಣ್ಣಿ ಬಾಯಿಗೆ ಬಂದದ್ದನ್ನು ಹೇಳಿಬಿಟ್ಟಳು: "ಅದು... ಇಲ್ಲಿ ನಂಬಿಗಸ್ತರಿಗೆ ಹಾಗಂತಾರೆ ಮಾವ. ಬೆಂಕಿ ಕಾಯೋನಿಗೆ ಜವಾಬ್ದಾರಿ ಜಾಸ್ತಿ ಅಲ್ವಾ, ಅದಕ್ಕೆ."

"ಓಹೋ" ಎಂದ ಮಾವ. ಕಾಫಿ ಕುಡಿದ. ಲೋಟ ಕೆಳಗಿಟ್ಟ. "ಹಾಗಾದ್ರೆ ಆ ನಂಬಿಗಸ್ತ ಹುಡುಗನ ತಲೆ ಮೇಲೆ ಯಾಕೆ ಕುಟ್ಟಿದ್ರು?"

"ಆಟ ಅಲ್ವಾ ಮಾವ" ಎಂದು ಅವಳು ಅಡುಗೆಮನೆಗೆ ಹೋಗಿ ಪಾತ್ರೆ ಸದ್ದು ಮಾಡಿದಳು.

ಮಾರನೆಯ ದಿನದಿಂದ ಮಾವ ಆ ಮಾತಿನ ಬೆನ್ನು ಹತ್ತಿದ. ಹದ್ದುಗಣ್ಣಿ ಬಾಟಲಿಗಳಲ್ಲಿ ಬಿರುಕು ಹುಡುಕುವ ಹೊತ್ತಿಗೆ ಇವನು ಕಿಟಕಿಯಲ್ಲಿ ಕೂತು ಅವಳ ಸುಳ್ಳಿನಲ್ಲಿ ಬಿರುಕು ಹುಡುಕುತ್ತಿದ್ದ. ಸಂಜೆ ಬಂದ ಕೂಡಲೇ ವರದಿ.

"ತರಕಾರಿ ಗಾಡಿಯವಳು ಬಂದಿದ್ಲು. ಅವಳ ತಕ್ಕಡಿ ಕೊಳ್ಳೋರ ಕಡೆಗೇ ವಾಲುತ್ತಂತೆ. 'ಈ ಹಾಳು ತಕ್ಕಡಿ ಶುದ್ಧ ಕೆಂಡಣ್ಣ, ನನ್ನ ಗಾಡೀಲೇ ಇದ್ಕೊಂಡು ನಿಮಗೆ ದುಡಿಯುತ್ತೆ' ಅಂದ್ಲು. ನಂಬಿಗಸ್ತ ತಕ್ಕಡಿನ ಯಾರಾದ್ರೂ ಹಾಳು ಅಂತಾರಾ?"

ಇನ್ನೊಂದು ದಿನ ಅವಳ ಗಂಡನೇ ಎಡವಟ್ಟು ಮಾಡಿದ. ಲಾರಿಯಿಂದ ಇಳಿಯುವಾಗ ಮಂಡಿ ಕೈಕೊಟ್ಟು ಮುಗ್ಗರಿಸಿದವನು, ಕುಂಟುತ್ತಾ ಒಳಗೆ ಬಂದು, "ಈ ಬಲಮಂಡಿ ಕೆಂಡಣ್ಣ ಆಗಿಬಿಟ್ಟಿದೆ ಕಣೇ" ಎಂದ. ಹೇಳಿ ಮುಗಿಸುವಷ್ಟರಲ್ಲಿ ಕಿಟಕಿಯ ಕಡೆ ನೋಡಿ ನಾಲಿಗೆ ಕಚ್ಚಿಕೊಂಡ. ಮಾವನಿಗೆ ನಗು ತಡೆಯಲಾಗಲಿಲ್ಲ. "ನನ್ನ ಹೆಸರು ಮಂಡಿಗೂ ಬಂತಲ್ಲಪ್ಪ. ಎಡಮಂಡಿಗೆ ಏನಂತ ಇಟ್ಟಿದೀರಿ?" ಎಂದ. ಗಂಡನೂ ನಕ್ಕ. ಹದ್ದುಗಣ್ಣಿಗೆ ನಗು ಬರಲಿಲ್ಲ.

ಎದುರುಮನೆಯ ಸೈಕಲ್ಲು ಕಳುವಾದದ್ದು ಆ ವಾರವೇ. ಆ ಮನೆಯಾಕೆ ಬೀದಿಯಲ್ಲಿ ನಿಂತು ಕಳ್ಳನನ್ನು ಇದ್ದಬದ್ದ ಮಾತಲ್ಲೆಲ್ಲ ತೊಳೆದಳು. ಮಾವ ಕಿವಿ ನಿಮಿರಿಸಿ ಎಲ್ಲ ಕೇಳಿಸಿಕೊಂಡ. ಖದೀಮ, ಹಾಳಾಗಿಹೋಗೋನು, ಮೂರು ಬಿಟ್ಟೋನು, ಎಲ್ಲ ಬಂತು. ಕೆಂಡಣ್ಣ ಮಾತ್ರ ಬರಲಿಲ್ಲ. ಸಾಯಂಕಾಲದ ಹೊತ್ತಿಗೆ, ಬೀಗದ ಕೈ ಎಲ್ಲಿಡುತ್ತಾರೆಂದು ಕಳ್ಳನಿಗೆ ತೋರಿಸಿಕೊಟ್ಟದ್ದು ಆಕೆಯ ತಮ್ಮನೇ ಎಂದು ಗೊತ್ತಾಯಿತು. ಆಗ ಅವಳ ದನಿ ಇಳಿದುಹೋಯಿತು. ಬೈಗುಳವೆಲ್ಲ ಬಿಟ್ಟು ಒಂದೇ ಒಂದು ಸಲ, "ನೀನೂ ಕೆಂಡಣ್ಣ ಆದೆಯೇನೋ" ಎಂದು ಬಾಗಿಲು ಹಾಕಿಕೊಂಡಳು.

ಆ ಸಂಜೆ ಮಾವ ಕಾಫಿಗೂ ಕಾಯಲಿಲ್ಲ. "ಇನ್ನು ನನ್ನ ಕಿವಿಗೆ ಹೂವಿಡಬೇಡ ಪುಟ್ಟಿ. ಕೂತ್ಕೋ ಇಲ್ಲಿ" ಎಂದ.

ಹದ್ದುಗಣ್ಣಿ ಅವನ ಕಾಲ ಬಳಿ ಕೂತಳು.

"ಮೊದಲ ದಿನವೇ ಒಳ್ಳೆ ಮಾತಲ್ಲ ಅಂತ ಗೊತ್ತಾಯ್ತು. ಒಳ್ಳೆ ಮಾತಾಗೋಕೆ ನಾನೇನು ಮಾಡಿದೀನಿ ಇಲ್ಲಿ? ಆದ್ರೆ ಸರಿಯಾಗಿ ಏನು ಅಂತ ತಿಳಿಬೇಕು ಅನ್ನಿಸ್ತು. ಕಳ್ಳ ಅಂತ ಇರಬೇಕು ಅಂದ್ಕೊಂಡೆ, ಅಲ್ಲ. ಶತ್ರು ಅಂತಾನೂ ಅಲ್ಲ."

"ಬಿಡಿ ಮಾವ."

"ಬಿಡೋದೇನು. ನನ್ನ ಹೆಸರಿನ ಅರ್ಥ ನನಗೆ ಬೇಡವಾ?" ಎಂದ ಮಾವ. ಅವನ ದನಿಯಲ್ಲಿ ತಮಾಷೆಯೂ ಇತ್ತು, ತಮಾಷೆಯಲ್ಲದ್ದೂ ಇತ್ತು.

ಮದುವೆಯಾದಾಗಿನಿಂದ ಮಾವನನ್ನು ಕೇಳದೇ ಉಳಿದದ್ದನ್ನು ಅವಳು ಆಗ ಕೇಳಿದಳು. "ಏನು ಮಾಡಿದ್ರಿ ಮಾವ?"

ಮಾವ ಹೇಳಿದ. ಗಾಜಿನ ಭಟ್ಟಿ ಆರಬಾರದು. ಆರಿದರೆ ಒಳಗಿನ ಕರಗಿದ ಗಾಜು ಗಟ್ಟಿಯಾಗಿ, ಇಟ್ಟಿಗೆ ಸೀಳಿ, ಭಟ್ಟಿಯೇ ಸತ್ತ ಹಾಗೆ. ಮತ್ತೆ ಕಟ್ಟಬೇಕೆಂದರೆ ವರ್ಷ ಬೇಕು. ಮಾಲೀಕರಿಗೆ ಅದೇ ಹೆದರಿಕೆ. ಅದಕ್ಕೇ ಆ ಮುಷ್ಕರದಲ್ಲಿ ಸಂಘ, ಬೇಡಿಕೆ ಒಪ್ಪದಿದ್ದರೆ ಭಟ್ಟಿ ಆರಲಿ ಎಂದು ತೀರ್ಮಾನ ಮಾಡಿತು. ಎಲ್ಲರೂ ಕೈಯೆತ್ತಿದರು. ಭಟ್ಟಿಗೆ ಕಲ್ಲಿದ್ದಲು ಹಾಕುವ ಕೆಂಡಣ್ಣನೂ ಎತ್ತಿದ.

"ಮನೆಗೆ ಬಂದು ಕೂತೆ. ಚಿಮಣಿ ಹೊಗೆ ತೆಳ್ಳಗಾಗ್ತಾ ಬಂತು. ಹದಿನಾರು ವರ್ಷದಿಂದ ಸಾಕಿದ ಬೆಂಕಿ ಅದು. ನೋಡೋಕಾಗ್ಲಿಲ್ಲ. ಹಿಂದಿನ ಬಾಗಿಲಿಂದ ಹೋಗಿ ಕಲ್ಲಿದ್ದಲು ಹಾಕ್ದೆ. ಒಬ್ಬನೇ ಎಷ್ಟು ಅಂತ ಹಾಕ್ತೀಯ? ಸುಸ್ತಾದಾಗ ಮ್ಯಾನೇಜರು ಎರಡಾಳು ಕಳಿಸ್ಲಾ ಅಂದ್ರು. ಹೂಂ ಅಂದೆ. ಆ ಬಾಗಿಲು ನಾನೇ ತೆಗೆದೆ. ಎರಡಾಳು ಇಪ್ಪತ್ತಾಯ್ತು, ಹೊರಗಿನವರು ಬಂದು ಬಾಟಲಿ ತೆಗೆಯೋಕೆ ಶುರು ಮಾಡಿದ್ರು. ಮುಷ್ಕರ ಮುರೀತು. ನನ್ನ ಜೊತೆ ಉಂಡವರೇ ಬೀದಿಗೆ ಬಿದ್ರು. ಅವರಿಗೆ ಮೋಸ ಮಾಡಬೇಕು ಅಂತ ನನ್ನ ಮನಸ್ಸಲ್ಲಿ ಎಳ್ಳಷ್ಟೂ ಇರಲಿಲ್ಲ. ಅವರು ನನ್ನ ಮನಸ್ಸಲ್ಲೇ ಇರಲಿಲ್ಲ, ಬೆಂಕಿ ಒಂದೇ ಇತ್ತು. ಅದೇ ತಪ್ಪು."

ಹದ್ದುಗಣ್ಣಿ ಹೇಳಿದಳು: "ಈಗ ಮುಷ್ಕರ ಆದ್ರೆ ನಮ್ಮವರೇ ಒಬ್ಬನ್ನ ಆರಿಸಿ ಒಳಗೆ ಕಳಿಸ್ತಾರೆ ಮಾವ. ಭಟ್ಟಿ ಬಿಸಿ ಇಡೋಕೆ ಮಾತ್ರ. ಬಾಟಲಿ ಒಂದೂ ಹೊರಗೆ ಬರಲ್ಲ. ಆ ಮುಷ್ಕರ ಆದ್ಮೇಲೆ ಬಂದ ಪದ್ಧತಿಯಂತೆ."

"ಒಳಗಿರೋನಿಗೆ ಏನಂತಾರೆ?"

"ಏನೂ ಅನ್ನಲ್ಲ. ಪಾಳಿಯವನು ಅಂತಾರೆ."

ಮಾವ ತಲೆಯಾಡಿಸಿದ, ಒಂದಲ್ಲ, ನಾಲ್ಕೈದು ಸಲ. "ಕೇಳಬೇಕಿತ್ತು" ಎಂದ. "ಎದ್ದು ನಿಂತು, 'ನನ್ನ ಕೈಲಿ ಆಗಲ್ಲ, ಬೇರೆ ದಾರಿ ಹುಡುಕೋಣ' ಅನ್ನಬೇಕಿತ್ತು. ಬೈತಿದ್ರು, ಆಮೇಲೆ ಏನೋ ಒಂದು ಮಾಡ್ತಿದ್ರು. ಸರಿಯಾಗೇ ಹೆಸರಿಟ್ಟಿದಾರೆ ಪುಟ್ಟಿ. ಮಕ್ಕಳೂ ತಪ್ಪಿಲ್ಲದೆ ಆಡ್ತಿವೆ."

ಅವಳು ಅಳತೊಡಗಿದಳು. ಮಾವ ತಡಕಾಡಿ ಅವಳ ತಲೆ ಹುಡುಕಿ ಕೈಯಿಟ್ಟ. "ಒಂದು ಗಮನಿಸಿದೀಯಾ? ಸೈಕಲ್ ಕದ್ದೋನಿಗೆ ಆ ಮಾತು ಹತ್ತಲಿಲ್ಲ. ತಮ್ಮನಿಗೆ ಹತ್ತಿತು. ಹೊರಗಿನವನು ಏನು ಮಾಡಿದ್ರೂ ಕೆಂಡಣ್ಣ ಆಗೋಕಾಗಲ್ಲ. ನಮ್ಮವನೇ ಆಗಿರಬೇಕು. ಇಷ್ಟು ವರ್ಷ ನಾನು ಈ ಊರಿಗೆ ಯಾರೂ ಅಲ್ಲ ಅಂದ್ಕೊಂಡಿದ್ದೆ."

ಆಮೇಲೆ, ನೆನಪಾದವನ ಹಾಗೆ ಹೇಳಿದ. "ಹೂಂ, ಪಕ್ಕದ ಮನೆಯಾಕೆ ಕಿಟಕಿ ಹತ್ರ ಬಂದು ಮಾತಾಡಿಸಿದ್ಲು. 'ನೀವು ಇವರ ಯಜಮಾನರ ಕಡೆ ದೂರದ ನೆಂಟರಂತಲ್ಲ' ಅಂದ್ಲು. ನಾನೂ ಹೌದು ಅಂದೆ. ನೀನು ಹೇಳಿದ್ದು ಸುಳ್ಳಾಗಬಾರದಲ್ಲ."

ಬೈದಿದ್ದರೆ ತಡೆದುಕೊಳ್ಳಬಹುದಿತ್ತು. ಹದ್ದುಗಣ್ಣಿ ಎದ್ದು ಹಿತ್ತಲಿಗೆ ಹೋಗಿ ಮುಖ ತೊಳೆದುಕೊಂಡಳು. ಬನ್ನು ತಂದುಕೊಟ್ಟ ಕೈಯನ್ನು ಬೀದಿಯ ಮುಂದೆ ತನ್ನದಲ್ಲ ಎಂದವಳಿಗೆ ಏನೆನ್ನುತ್ತಾರೆ? ಆ ಮಾತು ಅವಳಿಗೆ ಗೊತ್ತಿತ್ತು, ಊರಿಗೆಲ್ಲ ಗೊತ್ತಿತ್ತು.

ಪಟ್ಟಿ ಬಿಚ್ಚಿದ ದಿನ ಮಾವ ಮೊದಲು ಅವಳ ಮುಖ ನೋಡಿ, "ಕಿವಿ ಹತ್ರ ಕೂದಲು ಬೆಳ್ಳಗಾಗಿದೆಯಲ್ಲೇ" ಎಂದ. ಎರಡನೆಯದಾಗಿ ಕಿಟಕಿಯಿಂದ ಚಿಮಣಿ ನೋಡಿದ. ಏನೂ ಕೇಳಲಿಲ್ಲ. ಆ ಬೆಂಕಿಯನ್ನೊಮ್ಮೆ ನೋಡಬೇಕೆಂದು ಕೇಳದಿದ್ದದ್ದೇ ಅವಳಿಗೆ ಕೇಳಿಸಿತು.

ತಿಂಗಳಿಗೊಂದು ಭಾನುವಾರ ಕೆಲಸಗಾರರ ಮನೆಯವರನ್ನು ಕಾರ್ಖಾನೆಯೊಳಗೆ ಬಿಡುವ ಪದ್ಧತಿಯಿತ್ತು. ಚೀಟಿಗೀಟಿ ಏನಿಲ್ಲ. ಬಂದವರು ಯಾರು, ಏನಾಗಬೇಕು ಎಂದು ಕೆಲಸಗಾರರೇ ಬಾಯಿಬಿಟ್ಟು ಹೇಳಬೇಕು. ಕಾವಲುಗಾರ ಅದನ್ನೇ ಗಟ್ಟಿಯಾಗಿ ಒಳಗಿನವರಿಗೆ ಕೇಳುವ ಹಾಗೆ ಕೂಗಬೇಕು. ಕೂಗಿದ ಮೇಲೆ ಆ ಮನುಷ್ಯನ ಹೊಣೆ ಕರೆತಂದವರದು. ಆ ಭಾನುವಾರ ಮಧ್ಯಾಹ್ನ ಹದ್ದುಗಣ್ಣಿ ಮಾವನ ಕೈ ಹಿಡಿದು ಸಾಲಿನಲ್ಲಿ ನಿಂತಳು. ಮುಂದೆ ತಪಾಸಣೆ ಕೋಣೆಯ ಇಬ್ಬರು ಗೆಳತಿಯರು, ಹಿಂದೆ ಪಕ್ಕದ ಮನೆಯಾಕೆ. ಗಂಡ ದೂರದಲ್ಲಿ ಲಾರಿಗೆ ಒರಗಿಕೊಂಡು ಇವಳನ್ನೇ ನೋಡುತ್ತಿದ್ದ.

"ಯಾರಮ್ಮ ಇವರು? ಏನಾಗಬೇಕು?" ಎಂದ ಕಾವಲುಗಾರ.

ದೂರದ ನೆಂಟರು ನಾಲಿಗೆಯ ತುದಿಯಲ್ಲೇ ಕೂತಿದ್ದರು. ಅವರನ್ನು ನುಂಗಿಕೊಂಡು, "ನನ್ನ ಸೋದರಮಾವ. ನನ್ನ ಸಾಕಿದವರು" ಎಂದಳು.

"ಹೆಸರು?"

"ಕೆಂಡಣ್ಣ."

ಸಾಲಿನವರೆಲ್ಲ ಗೊಳ್ಳೆಂದು ನಕ್ಕರು. ಕಾವಲುಗಾರನೂ ನಕ್ಕ. "ಏನಮ್ಮ, ಪಾಪ, ಹಿರಿಯರಿಗೆ ಹೀಗೆ ಬೈತಾರಾ? ಏನು ಮಾಡಿದ್ರಿ ಯಜಮಾನ್ರೇ ಅಂಥದ್ದು?"

"ಬೈಗುಳ ಅಲ್ಲಪ್ಪ, ಹೆಸರು" ಎಂದ ಮಾವ. "ಭಟ್ಟಿ ಆರೋಕೆ ಬಿಡಲಿಲ್ಲ. ಹಿಂದಿನ ಬಾಗಿಲು ತೆಗೆದೆ."

ನಗು ಮುಂದಿನವರಲ್ಲಿ ಮೊದಲು ನಿಂತಿತು, ಹಿಂದಿನವರಲ್ಲಿ ಆಮೇಲೆ. ಕಾವಲುಗಾರನ ಮುಖ ಕಪ್ಪಿಟ್ಟಿತು. "ನಮ್ಮಪ್ಪ" ಎಂದು ಶುರು ಮಾಡಿದ.

"ಗೊತ್ತು. ಉದ್ದ ಕುತ್ತಿಗೆ ಬಾಟಲಿ ಊದ್ತಿದ್ದ. ನಿನ್ನ ದನಿ ಅವನದೇ."

"ಇಷ್ಟೆಲ್ಲ ಆದ್ಮೇಲೆ ಯಾವ ಮುಖ ಇಟ್ಕೊಂಡು ಇಲ್ಲಿಗೆ ಬಂದ್ರಿ?"

ಮಾವ ಹೊಸ ಕಣ್ಣಿನಿಂದ ಅವನನ್ನು ನೆಟ್ಟಗೆ ನೋಡಿದ. "ಕೆಂಡಣ್ಣ ಅನ್ನೋ ಮಾತು ಹೊರಗಿನವರಿಗೆ ಹೇಳಲ್ಲವಂತಲ್ಲಪ್ಪ. ಕೂತು ಕೇಳಿಸಿಕೊಂಡೆ. ಅದಕ್ಕೇ ಬಂದೆ."

ಗೆಳತಿಯರು ಹದ್ದುಗಣ್ಣಿಯನ್ನು ನೋಡುತ್ತಿದ್ದರು. ಅವಳು ಮಾವನ ಕೈ ಬಿಡಲಿಲ್ಲ. ಕಾವಲುಗಾರ ನೆಲದ ಕಡೆ ತಿರುಗಿದ, ಈಗ ಉಗಿಯುತ್ತಾನೆ ಎಂದು ಅವಳು ಅಂದುಕೊಂಡಳು. ಅವನು ಗಂಟಲು ಸರಿಮಾಡಿಕೊಂಡು, ಗೇಟಿನ ಸಣ್ಣ ಬಾಗಿಲು ತಳ್ಳಿ, ಪದ್ಧತಿಯ ಪ್ರಕಾರ ಒಳಗೆಲ್ಲ ಕೇಳುವ ಹಾಗೆ ಕೂಗಿದ.

"ತಪಾಸಣೆ ಕೋಣೆ ಹದ್ದುಗಣ್ಣಿಯ ಸೋದರಮಾವ. ಕೆಂಡಣ್ಣ."

ದನಿಯಲ್ಲಿ ಕ್ಷಮೆ ಇರಲಿಲ್ಲ. ಆದರೆ ಅಷ್ಟು ವರ್ಷಗಳಲ್ಲಿ ಮೊದಲ ಸಲ ಆ ಊರಲ್ಲಿ ಆ ಮಾತನ್ನು ಒಬ್ಬ ಮನುಷ್ಯನ ಹೆಸರೆಂದು ಕೂಗಲಾಗಿತ್ತು. ಸಣ್ಣ ಬಾಗಿಲಿನ ಚೌಕಟ್ಟು ತೀರಾ ಕೆಳಗೆ. ಹೊಸಬರೆಲ್ಲ ಅದಕ್ಕೆ ಹಣೆ ತಗುಲಿಸಿಕೊಳ್ಳುತ್ತಾರೆ. ಮಾವ ಯಾರೂ ಹೇಳದೆಯೇ ತಲೆ ಬಗ್ಗಿಸಿ ಒಳಗೆ ಹೋದ, ಹದ್ದುಗಣ್ಣಿ ಅವನ ಹಿಂದೆಯೇ ಹೋದಳು.